ಕಲಶದಲ್ಲಿ ಕ್ವಾರ್ಟರು

ಹೋದ ಶುಕ್ರವಾರ ನನ್ನ ಹೆಂಡತಿ ಪದ್ಮ ಕಲಶದ ಚೊಂಬಿಗೆ ಬೆಳ್ಳಿಯ ಎಂಟಾಣೆ ಹಾಕಿದಳು. ಠಣ್ ಎಂದಿತು. ಆ ಸದ್ದಿಗೆ ನನ್ನ ಕಿವಿ ಇಂದಿಗೂ ಬಿಸಿಯಾಗುತ್ತದೆ. ಕಾರಣ ಹೇಳುತ್ತೇನೆ, ನಿಮ್ಮಲ್ಲೇ ಇರಲಿ.

ಎಂಬತ್ತರ ದಶಕದಲ್ಲಿ ನಾವು ಅಮೆರಿಕದ ಸನ್ನಿವೇಲಿನ ಒಂದು ಅಪಾರ್ಟ್‌ಮೆಂಟಿನಲ್ಲಿದ್ದೆವು. ಬಟ್ಟೆ ಒಗೆಯುವುದು ನನ್ನ ಪಾಲು; ಅಡಿಗೆಗೆ ನನ್ನನ್ನು ನಂಬುವಂತಿರಲಿಲ್ಲ. ಕೆಳಗಿನ ಲಾಂಡ್ರಿ ಯಂತ್ರದಲ್ಲಿ ಮೂರು ಕ್ವಾರ್ಟರು, ಅಂದರೆ ಕಾಲು ಡಾಲರಿನ ನಾಣ್ಯ, ಮಲಗಿಸಿ ಒಳಗೆ ತಳ್ಳಬೇಕು. ಒಂದು ಗುರುವಾರ ಪದ್ಮ ಎಂಟಾಣೆಯನ್ನು ವಿಭೂತಿಯಲ್ಲಿ ಉಜ್ಜಿ ತೊಳೆದು ಅಡಿಗೆಕಟ್ಟೆಯ ಮೇಲೆ ಆರಲು ಇಟ್ಟಿದ್ದಳು. ಹಾಸನದ ಅವಳ ಅಜ್ಜಿ ಕೊಟ್ಟ ನಾಣ್ಯ. ಒಡವೆಗಳಿಗಿಂತ ಅದರ ಮೇಲೇ ಅವಳಿಗೆ ಜೀವ. ಅಳತೆಯಲ್ಲಿ ಕ್ವಾರ್ಟರಿನಷ್ಟೇ. ನಾನು ಚಿಲ್ಲರೆಯ ಜೊತೆ ಅದನ್ನೂ ಬಾಚಿಕೊಂಡು ಹೋದೆ. ಅಮೆರಿಕದ ನಾಣ್ಯದ ಮೇಲೆ ಕಿರೀಟದ ರಾಜ ಯಾಕೆ ಎಂದು ಯೋಚಿಸುವಷ್ಟರಲ್ಲಿ ಯಂತ್ರ ನುಂಗಿತ್ತು.

ಅಪಾರ್ಟ್‌ಮೆಂಟಿನ ಮ್ಯಾನೇಜರ್ ಡೊಲೊರೆಸ್, ಮೆಕ್ಸಿಕೋ ಮೂಲದ ಹಿರಿಯಾಕೆ, "ಯಂತ್ರದ ಕಾಸಿನ ಡಬ್ಬಿ ತೆಗೆಯೋದು ತಿಂಗಳ ಕೊನೆಗೇ" ಎಂದರು. ಪದ್ಮಳಿಗೆ ಹೇಳಲು ಧೈರ್ಯ ಬರಲಿಲ್ಲ. "ಎಂಟಾಣೆ ನಾನೇ ಎತ್ತಿಟ್ಟಿದ್ದೀನಿ, ನಾಳೆ ನಾನೇ ಹಾಕ್ತೀನಿ" ಎಂದುಬಿಟ್ಟೆ. ಪೂಜೆಯ ಕಡೆ ತಲೆಹಾಕದ ನಾನು ಮೂರು ಶುಕ್ರವಾರ ಸ್ನಾನ ಮಾಡಿ, ಅವಳ ಪಕ್ಕ ಕೂತು, ಮುಷ್ಟಿಯೊಳಗಿನ ಕ್ವಾರ್ಟರನ್ನು ಕಲಶಕ್ಕೆ ಬಿಟ್ಟೆ. ಟಕ್ ಎಂದಿತು. ಅವಳು ಹೂವೇರಿಸಿದಳು.

ತಿಂಗಳ ಕೊನೆಗೆ ಡೊಲೊರೆಸ್ ಡಬ್ಬಿಯ ನಾಣ್ಯಗಳನ್ನು ಒಂದೊಂದಾಗಿ ಸಿಮೆಂಟಿನ ಮೇಲೆ ಬೀಳಿಸುತ್ತ ಕಿವಿಗೊಟ್ಟು ಕೂತಿದ್ದರು. ಹಳೆಯ ಕ್ವಾರ್ಟರುಗಳಲ್ಲಿ ಬೆಳ್ಳಿಯಿತ್ತು, ಈಗಿನದು ತಾಮ್ರಕ್ಕೆ ನಿಕ್ಕಲ್ ಹೊದಿಸಿದ್ದು. ಬೆಳ್ಳಿಯನ್ನು ಸದ್ದಿನಲ್ಲೇ ಆರಿಸುವುದು ಅವರ ಚಟ.

"ಹಿಂದೆ ಇಲ್ಲೆಲ್ಲ ಸ್ಪೇನಿನ ಬೆಳ್ಳಿ ಡಾಲರು ನಡೀತಿತ್ತು" ಎಂದರು. "ಒಂದಕ್ಕೆ ಎಂಟು ರಿಯಾಲು. ಚಿಲ್ಲರೆ ಇಲ್ಲದಿದ್ರೆ ಉಳಿ ಇಟ್ಟು ಎಂಟು ತುಂಡು ಮಾಡೋರು. ಎರಡು ತುಂಡು ಸೇರಿದ್ರೆ ಕಾಲು ಡಾಲರು. ಬರೀ ಬೆಳ್ಳಿ ಮೆತ್ತಗೆ, ಬೇಗ ಸವೆಯುತ್ತೆ, ಅದಕ್ಕೇ ಸ್ವಲ್ಪ ತಾಮ್ರ. ಬೊಕ್ಕಸ ಬರಿದಾದಾಗ ರಾಜರು ಸಣ್ಣ ನಾಣ್ಯಗಳಿಗೆ ತಾಮ್ರಾನೇ ಜಾಸ್ತಿ ಸುರಿದರು. ಕಣ್ಣು ಮೋಸಹೋಗುತ್ತೆ, ಕಿವಿ ಹೋಗಲ್ಲ."

ರೂಪಾಯಿಗೆ ಹದಿನಾರಾಣೆ ಎಂದು ನಮ್ಮ ಲೆಕ್ಕ ಹೇಳಹೊರಟೆ. ಅಷ್ಟರಲ್ಲಿ ಠಣ್! ಡೊಲೊರೆಸ್ ಎಂಟಾಣೆ ಎತ್ತಿ ಹಿಡಿದು, "ಈ ರಾಜ ಯಾರೇ ಇರಲಿ, ಬಟ್ಟೆ ಒಗೆದಾಗಿದೆ. ಒಂದು ಕ್ವಾರ್ಟರ್ ಇಡಿ" ಎಂದು ನಕ್ಕರು. ಕ್ವಾರ್ಟರು ಡಬ್ಬಿಗೆ, ಎಂಟಾಣೆ ನನ್ನ ಜೇಬಿಗೆ ಸೇರಿತು, ನಾನು ಬಚಾವಾದೆ.

ಹೋದ ಶುಕ್ರವಾರ ಯಾಕೋ ಮನಸ್ಸು ತಡೆಯಲಿಲ್ಲ. "ಪದ್ಮ, ಸನ್ನಿವೇಲಿನಲ್ಲಿದ್ದಾಗ ಒಂದು..." ಎಂದೆ.

"ಮೂರು ಶುಕ್ರವಾರ ಕ್ವಾರ್ಟರಿಗೆ ಪೂಜೆ ಮಾಡಿಸಿದ್ರಲ್ಲ, ಅದಾ?"

"ಗೊತ್ತಿತ್ತಾ? ಮತ್ತೆ ಯಾಕೆ ಕೇಳಲಿಲ್ಲ?"

"ಟಕ್ ಅಂದಾಗ್ಲೇ ಗೊತ್ತಾಯ್ತು. ಅಜ್ಜಿ ಎಂಟಾಣೆ ಹೋಯ್ತಲ್ಲಾಂತ ಹೊಟ್ಟೆ ಉರೀತು ರೀ. ಆದ್ರೆ ನೀವು ಪಕ್ಕದಲ್ಲಿ ಬಂದು ಕೂತಿದ್ರಲ್ಲ. ಕೇಳಿದ್ರೆ ಎದ್ದು ಹೋಗ್ತಿದ್ರಿ." ದೀಪದ ಬತ್ತಿ ಸರಿಮಾಡುತ್ತ ಮೆಲ್ಲಗೆ ಸೇರಿಸಿದಳು: "ಎಂಟಾಣೆ ವಾಪಸ್ ಬಂತು, ನೀವು ಬರೋದು ನಿಂತುಹೋಯ್ತು."

ಇವತ್ತು ಮತ್ತೆ ಶುಕ್ರವಾರ. ಬೆಳಿಗ್ಗೆ ಬೇಗ ಸ್ನಾನ ಮಾಡಿ, ಅವಳ ಮಣೆಯ ಪಕ್ಕ ನನ್ನದೊಂದು ಮಣೆ ಹಾಕಿಕೊಂಡು ಕೂತೆ. ಅವಳು ಎಂಟಾಣೆಯನ್ನು ನನ್ನ ಅಂಗೈಯಲ್ಲಿ ಇಟ್ಟಳು.