ಸರ್ ಓದಿ ಹೇಳಿದ ತೀರ್ಪು

ಮೊನ್ನೆ ಪಹಣಿಯ ನಕಲು ತೆಗೆಸಲು ಲಿಂಗಸುಗೂರಿನ ಝೆರಾಕ್ಸ್ ಅಂಗಡಿಯಲ್ಲಿ ನಿಂತಿದ್ದೆ. ಮಷೀನಿನಿಂದ ಹೊರಬಂದ ಬಿಸಿ ಹಾಳೆ ಕೈಗೆ ಬಂದಾಗ ಸುಟ್ಟ ಮಸಿಯಂಥ ವಾಸನೆ ಎದ್ದಿತು. ಕೂಡಲೇ ಆ ಲೆಕ್ಚರರ್ ನೆನಪಾದರು… ಅವರ ಕೈಚೀಲಕ್ಕೆ ಸದಾ ಅದೇ ವಾಸನೆ.

ಆಗ ಬಳಗಾನೂರಿನಲ್ಲಿ ನನ್ನದೊಂದು ಚಹಾದ ಹೋಟೆಲಿತ್ತು. ಅವರು ನಮ್ಮೂರಿಗೆ ಹೊಸದಾಗಿ ಬಂದ ರಾಜ್ಯಶಾಸ್ತ್ರದ ಲೆಕ್ಚರರ್, ಪಾಮನಕಲ್ಲೂರಿನ ಬೌದ್ಧರ ಮನೆತನದವರು. ಎಲ್ಲರೂ ಸರ್ ಎನ್ನುತ್ತಿದ್ದೆವು. ಸಂಜೆ ಒಲೆಯ ಹತ್ತಿರದ ಬೆಂಚಿನ ಮೇಲೆ ಕೂತು, ಅಮೆರಿಕದ ಹಳೆಯ ಕೋರ್ಟು ತೀರ್ಪುಗಳ ಝೆರಾಕ್ಸ್ ಹಾಳೆಗಳನ್ನು ಬಿಡಿಸುತ್ತಿದ್ದರು. ಇಂಗ್ಲಿಷಿನಲ್ಲಿ ಒಂದು ಸಾಲು ಓದಿ ನನಗೆ ಕನ್ನಡದಲ್ಲಿ ಹೇಳುವರು. ನಾನು ಹೈಸ್ಕೂಲಿಗೇ ಓದು ಬಿಟ್ಟವನು. ನನಗೆ ಅದು ಕಥೆ ಕೇಳಿದ ಹಾಗಿತ್ತು.

"ಸರ, ಇದನ್ನೆಲ್ಲ ಪುಸ್ತಕದಾಗ ಸಣ್ಣಂಗ ಬರದಿರ್ತಾರಲ್ಲ, ಅಷ್ಟು ಓದಿದ್ರ ಸಾಲೂದಿಲ್ಲೇನು?" ಎಂದು ಒಮ್ಮೆ ಕೇಳಿದ್ದೆ.

"ಬ್ಯಾರೇದವರ ಬಾಯಿಂದ ಯಾಕ ಕೇಳ್ತೀರಿ ಸಾವಕಾರ್ರ? ಅನ್ಯಾಯ ಮಾಡಿದವರು ಎಷ್ಟು ನಾಜೂಕಾಗಿ ಮಾತಾಡ್ಯಾರ ಅನ್ನೂದು ಅವರ ಕಾಗದದಾಗನ ಗೊತ್ತಾಗತೈತಿ."

ಎದುರು ಬೆಂಚಿನ ನನ್ನ ಗೆಳೆಯರು ನನ್ನನ್ನು ಕಾಡುತ್ತಿದ್ದರು: "ಏನಲೇ, ಚಹಾ ಮಾರ್ತಿಯೋ ವಕೀಲಿ ಮಾಡ್ತಿಯೋ?"

ಒಂದು ಸಂಜೆ ಅವರು ಓದಿದ್ದು ರೈಲಿನ ತೀರ್ಪು. ಕರಿಯನೆಂದು ಲೆಕ್ಕಕ್ಕೆ ಹಿಡಿದ ಒಬ್ಬ ಮನುಷ್ಯ ಟಿಕೆಟ್ ತೆಗೆದುಕೊಂಡು ಬಿಳಿಯರ ಡಬ್ಬಿಯಲ್ಲಿ ಕೂತ. ಅವನನ್ನು ಇಳಿಸಿದರು. ಅವನು ಕೋರ್ಟಿಗೆ ಹೋದ. ಡಬ್ಬಿ ಬೇರೆಯಾದರೇನು, ಸೌಕರ್ಯ ಸಮನಾಗಿದ್ದರೆ ಆಯಿತು, ಅದರಲ್ಲಿ ಅವಮಾನ ಕಂಡರೆ ಅದು ಕಂಡವರ ತಿಳಿವಳಿಕೆ ಎಂದಿತು ಕೋರ್ಟು. ಒಬ್ಬ ಜಡ್ಜ್ ಮಾತ್ರ, ಕಾನೂನಿಗೆ ಮನುಷ್ಯನ ಬಣ್ಣ ಕಾಣಬಾರದು ಎಂದು ಬೇರೆಯೇ ಬರೆದ.

"ಎಲ್ಲಾರೂ ಒಂದ್ ಕಡೆ, ಇವನೊಬ್ಬ ಒಂದ್ ಕಡೆ? ತಲಿ ಕೆಟ್ಟಿರಬೇಕು ಬಿಡ್ರಿ ಸರ" ಎಂದೆ.

ಸರ್ ನಕ್ಕರು. "ಅರ್ಧ ಶತಮಾನ ಕಳದ ಮ್ಯಾಲ ಅದ ಕೋರ್ಟು ಇವನ ದಾರಿಗೇ ಬಂತ್ರೀ."

ಇಲ್ಲಿ ನನ್ನ ಹೋಟೆಲಿನ ರೀತಿ ಹೇಳಬೇಕು. ನನ್ನ ತಂದೆಯ ಕಾಲದಲ್ಲಿ ದಲಿತ ಕೇರಿಯವರ ಗ್ಲಾಸುಗಳು ಹೊರಗೆ ಸೂರಿನಲ್ಲಿ ಇರುತ್ತಿದ್ದವು. ಕುಡಿದವರೇ ತೊಳೆದಿಡಬೇಕು. ಪ್ಲಾಸ್ಟಿಕ್ ಗ್ಲಾಸು ಬಂದ ಮೇಲೆ ನನಗೆ ನಿರಾಳವಾಯಿತು. ಒಳಗಿನವರಿಗೆ ಗಾಜಿನದು, ಕೇರಿಯವರಿಗೆ ಪ್ಲಾಸ್ಟಿಕ್. ತೊಳೆಸುವುದು ತಪ್ಪಿತಲ್ಲ, ಪಾಪವೂ ತಪ್ಪಿತು ಎಂದುಕೊಂಡಿದ್ದೆ. ಬೌದ್ಧರಾದರೂ ಸರ್ ಹುಟ್ಟಿದ್ದು ಅಂಥದೇ ಕೇರಿಯಲ್ಲಿ, ಆದರೆ ಅವರಿಗೆ ಮಾತ್ರ ಗಾಜಿನ ಗ್ಲಾಸು. ಸಂಬಳದವರು, ಇಸ್ತ್ರಿ ಅಂಗಿಯವರು… ಅದನ್ನು ನನ್ನ ದೊಡ್ಡತನವೆಂದೇ ತಿಳಿದಿದ್ದೆ.

ಒಂದು ದಿನ ತಮ್ಮ ತಂದೆಯನ್ನು ಕರೆದುಕೊಂಡು ಬಂದರು. ಮಾಸಿದ ಧೋತರ, ಹೆಗಲ ಮೇಲೆ ಟವೆಲು. "ನಮ್ಮಪ್ಪ ರೀ" ಎಂದರು. ಇಬ್ಬರೂ ಒಳಗಿನ ಬೆಂಚಿನ ಮೇಲೆ ಕೂತರು. ಹೋಟೆಲು ತುಂಬಿತ್ತು, ಎಲ್ಲರೂ ನನ್ನ ಕೈಯನ್ನೇ ನೋಡುತ್ತಿದ್ದರು. ಆ ಕೈ ಸರ್ ಮುಂದೆ ಗಾಜಿನ ಗ್ಲಾಸು ಇಟ್ಟಿತು, ಅವರ ತಂದೆಯ ಮುಂದೆ ಪ್ಲಾಸ್ಟಿಕ್ಕಿನದು.

ಸರ್ ಗ್ಲಾಸುಗಳನ್ನು ಅದಲುಬದಲು ಮಾಡಿದರು. ಆಮೇಲೆ ಮೆಲ್ಲಗೆ ಕೇಳಿದರು: "ಹಿಂಗ್ಯಾಕ ಸಾವಕಾರ್ರ?"

ತಪ್ಪಾಯಿತು ಎಂದಿದ್ದರೆ ಮುಗಿಯುತ್ತಿತ್ತು. ನಾನು ಗೆಳೆಯರ ಬೆಂಚಿನ ಕಡೆ ನೋಡಿ ಗಟ್ಟಿಯಾಗಿ, "ಕಿಟ್ಲಿ ಒಂದ, ಚಹಾ ಒಂದ. ಅವಮಾನ ಅನ್ನೂದು ನೀವು ತಿಳ್ಕೊಂಡಂಗ. ನಿಮ್ಮ ಕೋರ್ಟೂ ಹಂಗ ಅಂದೈತಲ್ರಿ ಸರ?" ಎಂದೆ.

ಹೋಟೆಲೆಲ್ಲ ನಕ್ಕಿತು. ಸರ್, "ಚಲೋ ಕೇಳಿಸಿಕೊಂಡೀರಿ" ಎಂದರು. ಅವರ ತಂದೆ ಚಹಾ ಮುಟ್ಟದೆ ಎದ್ದರು. ಸರ್ ಮತ್ತೆ ಬರಲಿಲ್ಲ. ವರ್ಷ ತುಂಬುವುದರೊಳಗೆ ಸಿಂಧನೂರಿಗೆ ವರ್ಗ ಮಾಡಿಸಿಕೊಂಡು ಹೋದರು.

ಅನೇಕ ವರ್ಷಗಳ ಮೇಲೆ, ಅವರು ಕಾಯಿಲೆಯಿಂದ ತೀರಿಕೊಂಡರೆಂದು ಮಸ್ಕಿಯ ಬಸ್‌ಸ್ಟ್ಯಾಂಡಿನಲ್ಲಿ ಯಾರೋ ಹೇಳಿದರು. ಕ್ಷಮೆ ಕೇಳಬೇಕಾದವರು ಇನ್ನೊಬ್ಬರಿದ್ದರು, ಅವರ ತಂದೆ. ಬೇಸಿಗೆಯ ನಡುಹಗಲಿನಲ್ಲಿ ಪಾಮನಕಲ್ಲೂರಿಗೆ ಹೋದೆ. ಮುದುಕರು ಬಾಗಿಲಲ್ಲೇ ಕೂತಿದ್ದರು.

"ಯಾರ್ರೀ? ಗುರ್ತು ಹತ್ತಲಿಲ್ಲ."

"ಸರ್ ಗುರ್ತಿನಾವ್ರಿ. ಬಳಗಾನೂರಿನಾವ." ಹೋಟೆಲಿನವನು ಎನ್ನಲು ನಾಲಿಗೆ ಏಳಲಿಲ್ಲ.

"ಬಿಸಲಾಗ ಬಂದೀರಿ, ಕೂಡ್ರಿ." ಒಳಗೆ ಹೋಗಿ ಒಂದು ತಂಬಿಗೆ ನೀರು ತಂದರು. "ಕುಡೀರಿ."

ನನ್ನ ಬಾಯಿಂದ ತಾನಾಗಿಯೇ ಬಂತು: "ಬ್ಯಾಡ್ರಿ ಯಜಮಾನ್ರ, ಬಸ್ಸಿಗೆ ಹೊತ್ತಾತು."

ಚಾಚಿದ ತಂಬಿಗೆಯನ್ನು ಅವರು ನಿಧಾನವಾಗಿ ನೆಲಕ್ಕಿಟ್ಟರು. ನನ್ನನ್ನು ಮತ್ತೊಮ್ಮೆ ದಿಟ್ಟಿಸಿದರು. "ಹೂಂ… ಬಳಗಾನೂರಿನವ್ರು" ಎಂದರು.

ಹೇಳಬೇಕೆಂದು ಹೋದ ಮಾತು ಹೇಳದೆ ತಿರುಗಿ ಬಂದೆ. ಈಗ ಆ ಮುದುಕರೂ ಇಲ್ಲ. ಹೋಟೆಲನ್ನು ಮಾರಿ ಎಷ್ಟೋ ಕಾಲವಾಯಿತು. ಈ ಮಾತನ್ನು ಇನ್ನು ಯಾರ ಮುಂದೆ ಹೇಳಲಿ… ಆ ಮಧ್ಯಾಹ್ನ ನನಗೆ ನಿಜಕ್ಕೂ ಬಹಳ ನೀರಡಿಕೆಯಾಗಿತ್ತು.