ಗಿರಿಜತ್ತೆಯ ಕಾರ್ಡ್‌ಲೆಸ್ಸು

ಕಾರ್ಡ್‌ಲೆಸ್ ಫೋನನ್ನು ಒರೆಸುತ್ತ ಕೂತಿದ್ದೇನೆ. ಐದರ ಗುಂಡಿಯ ಸುತ್ತ ಜೋಳದ ಹಿಟ್ಟು ಮೆತ್ತಿ ಒಣಗಿಹೋಗಿದೆ. ಹೇರ್‌ಪಿನ್ನಿನ ತುದಿಯಿಂದ ಕೆರೆದರೆ ಪುಡಿಪುಡಿಯಾಗಿ ಉದುರುತ್ತಿದೆ, ರೊಟ್ಟಿಯ ವಾಸನೆ ಬೇರೆ. ಎಲ್ಲರ ಕೈಯಲ್ಲೂ ಮೊಬೈಲಿರುವಾಗ ಇದನ್ನೇಕೆ ಇಟ್ಟುಕೊಂಡಿದ್ದಾಳೆ ಇವಳು ಎಂದು ನೀವು ಕೇಳುತ್ತೀರಿ. ದಾವಣಗೆರೆಯ ಅಂಗಡಿಯವನೂ ಅದನ್ನೇ ಕೇಳಿದ. ಅವನಿಗೆ ಹೇಳಲು ಪುರುಸೊತ್ತಿರಲಿಲ್ಲ, ನಿಮಗೆ ಹೇಳುತ್ತೇನೆ.

ನ್ಯಾಮತಿಯ ಈ ಮನೆ ನನ್ನ ಸೋದರತ್ತೆ ಗಿರಿಜತ್ತೆಯದು. ಹೈಸ್ಕೂಲು ಓದಲು ಬಂದು ಸೇರಿಕೊಂಡವಳು ನಾನು. ಈಗ ಹೈಸ್ಕೂಲಿನಲ್ಲಿ ಪಾಠ ಹೇಳುತ್ತಿದ್ದರೂ ಇಲ್ಲಿಂದ ಕದಲಿಲ್ಲ. ಆಗ ಬೀದಿಗೆಲ್ಲ ಇದ್ದದ್ದು ಅತ್ತೆಯ ಒಂದೇ ಫೋನು. ಎಲ್ಲರೂ ತಮ್ಮ ನೆಂಟರಿಗೆ ಅದೇ ನಂಬರ್ ಕೊಟ್ಟು, ಪಕ್ಕದಲ್ಲಿ ‘ಪಿ.ಪಿ.’ ಎಂದು ಬರೆಯುತ್ತಿದ್ದರು. ಫೋನು ನಮ್ಮದಲ್ಲ, ಆದರೆ ಕರೆದರೆ ಬಂದು ಮಾತಾಡುತ್ತೇವೆ ಎಂದು ಅದರ ಅರ್ಥ. ಫೋನು ಬಂದರೆ ಅತ್ತೆ, “ಯಾರು ಬೇಕಾಗಿತ್ರಿ? ತಡೀರಿ, ಕರೀತೀನಿ” ಎಂದು ಹೊಸಿಲಿಗೆ ಬಂದು ಕೂಗುತ್ತಿದ್ದಳು. ಆ ಗಂಟಲಿಗೆ ಫೋನೇ ಬೇಕಿಲ್ಲ, ನೇರವಾಗಿ ಹೊನ್ನಾಳಿಗೇ ಕೇಳಿಸುತ್ತದೆ ಎಂದು ಬೀದಿಯವರು ರೇಗಿಸುತ್ತಿದ್ದರು.

ಬಂದವರ ಕೈಗೆ ರಿಸೀವರ್ ಕೊಟ್ಟ ಕೂಡಲೇ ಅವಳು ಒಂದು ಚೊಂಬು ನೀರು ತೆಗೆದುಕೊಂಡು ಹಿತ್ತಿಲಿಗೆ ಹೋಗಿಬಿಡುತ್ತಿದ್ದಳು. ಕರಿಬೇವಿನ ಗಿಡಕ್ಕೆ ನೀರು ಹಾಕುವ ನೆಪ. ಒಳಗೆ ಮಾತು ಮುಗಿಯುವ ತನಕ ಇತ್ತ ತಲೆ ಹಾಕುತ್ತಿರಲಿಲ್ಲ. ನನ್ನ ಕಿವಿ ಮಹಾ ಚುರುಕಾದ್ದರಿಂದ ನನ್ನನ್ನೂ ಜಡೆ ಹಿಡಿದು ಎಳೆದೊಯ್ಯುತ್ತಿದ್ದಳು. “ಅವರ ಸುದ್ದಿ ಕಟ್ಕೊಂಡು ನಿನಗೇನಾಗಬೇಕೇ? ನಡಿ ಹೊರಗೆ” ಎನ್ನುತ್ತಿದ್ದಳು. ಬೀದಿಯಲ್ಲಿ ಎಷ್ಟು ಸಂಬಂಧ ಕುದುರಿದವೋ, ಎಷ್ಟು ಮುರಿದವೋ, ಎಲ್ಲ ಆ ಫೋನಿನಲ್ಲೇ. ಅತ್ತೆಗೆ ಮಾತ್ರ ಒಂದೂ ಗೊತ್ತಿರಲಿಲ್ಲ.

ಕಾಲ ಬದಲಾಯಿತು, ಲ್ಯಾಂಡ್‌ಲೈನು ಹೋಯಿತು. ಅತ್ತೆಗೊಂದು ಟಚ್ ಫೋನು ಕೊಡಿಸಿ, ಭಾರೀ ಉಪಕಾರ ಮಾಡಿದವಳ ಹಾಗೆ ಬೀಗಿದೆ. ಅದು ಅವಳ ಬೆರಳಿಗೆ ಜಗ್ಗಲೇ ಇಲ್ಲ. ದಿನವೂ ರೊಟ್ಟಿ ಬಡಿದು, ಕಾದ ಹಂಚಿನ ಮೇಲೆ ಬರಿಗೈಯಲ್ಲಿ ಮಗುಚಿ, ಒಣಗಿ ಗಟ್ಟಿಯಾದ ಬೆರಳು. ರೇಷನ್ ಅಂಗಡಿಯ ಹೆಬ್ಬೆಟ್ಟಿನ ಮಷೀನೇ ಅದನ್ನು ಒಪ್ಪುವುದಿಲ್ಲ, ಇನ್ನು ಇದು ಒಪ್ಪೀತೇ? ಎತ್ತಿಕೊಟ್ಟರೆ ಕೆನ್ನೆ ತಾಗಿ ಫೋನು ಕಟ್ಟಾಗುತ್ತಿತ್ತು. “ಬೆರಳು ಒತ್ತಿದ್ರೆ ತಿಳಿಯಲ್ಲ, ಕೆನ್ನೆ ತಾಗಿದ್ರೆ ತಿಳೀತೈತೆ. ಇದೆಂಥಾ ಬುದ್ಧಿ ಇದರದ್ದು?” ಎಂದು ಅತ್ತೆ ನನ್ನನ್ನೇ ಬೈಯುತ್ತಿದ್ದಳು. ಕೊನೆಗೆ ನಾನೇ ಫೋನೆತ್ತಿ, ಸ್ಪೀಕರ್ ಹಾಕಿ, ಅವಳ ಮುಂದೆ ಹಿಡಿದು ನಿಲ್ಲುವುದು ರೂಢಿಯಾಯಿತು.

ಪ್ರತಿ ಸೋಮವಾರ ಸಂಜೆ ಅವಳ ತಂಗಿ ಶಾರದತ್ತೆ ಜಗಳೂರು ಕಡೆಯ ಸೊಕ್ಕೆಯಿಂದ ಫೋನು ಮಾಡುತ್ತಾಳೆ. ಲ್ಯಾಂಡ್‌ಲೈನಿದ್ದಾಗ ಅಕ್ಕತಂಗಿಯರ ಮಾತು ಶುರುವಾದರೆ ಒಲೆಯ ಮೇಲಿನ ಸಾರು ಅರ್ಧಕ್ಕೆ ಇಳಿಯುತ್ತಿತ್ತು. ಸ್ಪೀಕರ್ ಬಂದ ಮೇಲೆ ನಡೆದದ್ದು ಇಷ್ಟೇ:

“ಅಕ್ಕಾ, ಯಾರದಾರೆ ಅಲ್ಲಿ?”

“ಇವಳದಾಳೆ, ಫೋನು ಹಿಡ್ಕೊಂಡು.”

“ಹೌದಾ... ಮಳೆ ಬಂತಾ?”

“ಬಂತು. ನಿಮ್ಮ ಕಡೆ?”

“ಇಲ್ಲ. ಸರಿ, ಇಡ್ತೀನಿ.”

“ಏನತ್ತೆ, ನಿಮ್ಮಿಬ್ಬರ ಹತ್ತಿರ ಮಾತೇ ಖಾಲಿಯಾಯಿತಲ್ಲ!” ಎಂದು ಒಂದು ಸಲ ನಕ್ಕೆ.

“ಮಾತು ಬೇಕಾದಷ್ಟು ಐತೆ ಕಣೇ” ಎಂದಳು ಅತ್ತೆ, ಹಿಟ್ಟು ನಾದುತ್ತ. “ಆಡಾಕೆ ಜಾಗ ಇಲ್ಲ.”

ನನಗೆ ನಾಚಿಕೆಯಾಯಿತು. ಆದರೂ ಪೂರ್ತಿ ಅರ್ಥವಾಯಿತೆಂದು ಹೇಳಲಾರೆ. ಗುಂಡಿ ಇರುವ ಫೋನೊಂದು ಸಿಕ್ಕರೆ ಎಲ್ಲ ಸರಿಹೋಗುತ್ತದೆ ಎಂದುಕೊಂಡೆ. ಬ್ಲೂಟೂತಿನಲ್ಲಿ ಮೊಬೈಲಿಗೆ ಜೋಡಿಸುವ ಕಾರ್ಡ್‌ಲೆಸ್ ಇದೆಯೆಂದು ತಿಳಿದು, ದಾವಣಗೆರೆಗೆ ಹೋಗಿ ತಂದೆ. ಮೊಬೈಲು ಕಿಟಕಿಯಲ್ಲಿ ಬಿದ್ದಿರುತ್ತದೆ, ಅದಕ್ಕೆ ಬಂದ ಕರೆ ಅಡಿಗೆಮನೆಯ ಕಾರ್ಡ್‌ಲೆಸ್ಸಿನಲ್ಲಿ ರಿಂಗಾಗುತ್ತದೆ, ಹಸಿರು ಗುಂಡಿ ಒತ್ತಿದರೆ ಆಯಿತು.

ಆ ಭಾನುವಾರ ಶಾಲೆಯಲ್ಲಿ ಸಭೆಯಿತ್ತು. ಈ ಜೋಡಣೆಯ ಉಮೇದಿನಲ್ಲಿ ನಾನು ಹೆಡ್ಮೇಷ್ಟ್ರಿಗೆ ಜ್ವರವೆಂದು ಹೇಳಿ ಮನೆಯಲ್ಲಿ ಉಳಿದೆ. ಅತ್ತೆಯ ಮೊಬೈಲು ಕೆಟ್ಟರೆ ಕಷ್ಟವೆಂದು ಮೊದಲು ನನ್ನದನ್ನೇ ಜೋಡಿಸಿ ನೋಡಿದೆ. ಕೂಡಿತು. ಆಮೇಲೆ ಅತ್ತೆಯದು. ಅದೂ ಕೂಡಿತು. ಎರಡು ಮೊಬೈಲನ್ನು ಒಟ್ಟಿಗೆ ಇಟ್ಟುಕೊಳ್ಳುವ ತಾಕತ್ತು ಆ ಯಂತ್ರಕ್ಕಿತ್ತು, ನನ್ನದನ್ನು ಬಿಡಿಸಬೇಕೆಂಬ ನೆನಪು ನನಗಿರಲಿಲ್ಲ. ನನ್ನ ಮೊಬೈಲನ್ನು ಚಾರ್ಜಿಗೆ ಹಾಕಿ ಉಂಡು ಅಡ್ಡಾದೆ.

ಅಡಿಗೆಮನೆಯಲ್ಲಿ ಫೋನು ರಿಂಗಾಯಿತು. ಸೋಮವಾರವಲ್ಲದಿದ್ದರೂ ಸೊಕ್ಕೆಯದೇ ಇರಬೇಕೆಂದು ಅತ್ತೆ ಹಿಟ್ಟಿನ ಕೈಯಲ್ಲೇ ಎತ್ತಿದಳು.

“ಯಾರು ಬೇಕಾಗಿತ್ರಿ? ... ಜ್ವರಾನಾ? ಯಾರಿಗ್ರಿ? ಈಗಿನ್ನೂ ನಾಕು ರೊಟ್ಟಿ ತಿಂದು ಮಲಗಿದ್ಲಲ್ಲ! ತಡೀರಿ, ಕರೀತೀನಿ.”

ಎಷ್ಟೋ ವರ್ಷದ ಮೇಲೆ ಆ ಪಿ.ಪಿ. ಕೂಗು ಮನೆ ತುಂಬಿತು. ನಾನು ಎದ್ದು ಓಡಿದೆ. ಅತ್ತೆ ನನ್ನ ಕೈಗೆ ಫೋನಿಟ್ಟು, ಚೊಂಬು ತುಂಬಿಕೊಂಡು ಹಿತ್ತಿಲಿಗೆ ನಡೆದಳು.

ನನ್ನ ಮೊಬೈಲಿಗೆ ಫೋನು ಮಾಡಿದ್ದ ಹೆಡ್ಮೇಷ್ಟ್ರು ಜ್ವರದ ವಿಚಾರವಾಗಿ ನಿಧಾನವಾಗಿ, ಬಹಳ ಮರ್ಯಾದೆಯಿಂದ ನನ್ನ ಮಾನ ಕಳೆಯುತ್ತಿದ್ದರು. “ಸರ್... ಸರ್...” ಎನ್ನುತ್ತ ನಾನು ಹಿಂಬಾಗಿಲಿನಾಚೆ ನೋಡುತ್ತಿದ್ದೆ. ಅತ್ತೆ ಬೆನ್ನು ತಿರುಗಿಸಿ ಗಿಡದ ಬುಡಕ್ಕೆ ಒಂದೊಂದೇ ಹನಿ ಎಂಬಂತೆ ನೀರು ಬಿಡುತ್ತಿದ್ದಳು. ನಾನು ಬೈಸಿಕೊಳ್ಳುವುದಕ್ಕೂ ಅವಳು ಜಾಗ ಬಿಟ್ಟುಕೊಟ್ಟಿದ್ದಳು. ಸೋಮವಾರ ಸೋಮವಾರವೂ ಅವಳ ಮುಂದೆ ಫೋನು ಹಿಡಿದು ಗೂಟದಂತೆ ನಿಂತಿದ್ದ ನನಗೆ, ಒಮ್ಮೆಯೂ ಆ ಚೊಂಬು ಕಣ್ಣಿಗೆ ಬಿದ್ದಿರಲಿಲ್ಲವಲ್ಲ! ಹೆಡ್ಮೇಷ್ಟ್ರಿಗಿಂತ ಅದು ಹೆಚ್ಚು ಬೈದಂತಾಯಿತು.

ನನ್ನ ಮೊಬೈಲಿನ ಜೋಡಿ ಅವತ್ತೇ ಬಿಡಿಸಿದೆ. ಈ ಕಾರ್ಡ್‌ಲೆಸ್ಸು ಈಗ ಅತ್ತೆಯೊಬ್ಬಳದೇ.

ಇಗೋ, ಕೈಯಲ್ಲೇ ರಿಂಗಾಯಿತು. ಇವತ್ತು ಸೋಮವಾರ. ಅತ್ತೆ ಹಂಚು ಇಳಿಸಿ, ಹಿಟ್ಟಿನ ಕೈಯನ್ನು ಸೆರಗಿಗೂ ಒರೆಸದೆ ಫೋನು ಕಸಿದುಕೊಂಡಳು. ನಾನು ಕೆರೆದು ತೆಗೆದದ್ದೆಲ್ಲ ದಂಡ. ಗುಂಡಿ ಒತ್ತಿ, “ಹ್ಞೂಂ ಕಣೇ ಶಾರದಿ, ಹೇಳು” ಎಂದು ನನ್ನ ಕಡೆ ನೋಡಿದಳು. ನಾನಾಗಲೇ ಚೊಂಬು ಹಿಡಿದಿದ್ದೆ.

ಹಿತ್ತಿಲಿಗೆ ಬಂದು ಅರ್ಧ ಗಂಟೆಯಾಯಿತು. ಒಳಗೆ ಇಬ್ಬರದೂ ನಗು. ಸೊಕ್ಕೆಯ ನಗುವಿಗೆ ಸ್ಪೀಕರೇ ಬೇಕಿಲ್ಲ. ಯಾರ ಸುದ್ದಿಯೋ, ಬಹುಶಃ ನನ್ನದೇ. ಚೊಂಬು ಮೂರು ಸಲ ಖಾಲಿಯಾಗಿದೆ, ಕರಿಬೇವು ಗೋಡೆ ದಾಟಿ ಬೆಳೆದಿದೆ. ನಾಲ್ಕನೆಯದನ್ನು ತುಂಬಿಕೊಳ್ಳುತ್ತಿದ್ದೇನೆ.