ಕಾರಿನ ಹಣೆಗೆ ಮೂರು ಬೆರಳು

ಹೋದ ಕಾರ್ತೀಕದಲ್ಲಿ ಬಳ್ಳಾರಿ ಸೀಮೆಯ ಮುಂದೆ ಒಂದು ಗಂಭೀರ ಪ್ರಶ್ನೆ ಬಂದು ನಿಂತಿತು. ಕಾಲುವೆಗೆ ನೀರು ಎಂದು ಬಿಡುತ್ತಾರೆ, ಮೆಣಸಿನಕಾಯಿ ಧಾರಣೆ ಏನಾಯಿತು ಎಂಬಂಥ ಸಣ್ಣಪುಟ್ಟ ಸಂಗತಿಗಳು ಇದರ ಮುಂದೆ ಕೈಕಟ್ಟಿ ಕಾಯಬೇಕಾಯಿತು. ಪ್ರಶ್ನೆ ಇಷ್ಟೇ: ಸಿರುಗುಪ್ಪದ ಅಕ್ಕಿ ಗಿರಣಿಯ ಯುವ ಮಾಲೀಕ ಹಂಪೇಶ್ ಕೊಂಡ ಎರಡು ಬಾಗಿಲಿನ ಕೆಂಪು ಸ್ಪೋರ್ಟ್ಸ್ ಕಾರು ಎಷ್ಟು ಜೋರಾಗಿ ಗುಡುಗಬೇಕು? ಕಂಪನಿ ಕೊಟ್ಟ ಸದ್ದು ಗಿರಣಿಯ ಸದ್ದಿನ ಮುಂದೆ ಏನೂ ಸಾಲದು. "ಗೇಟಿನಾಗ ಹೊಂಟ್ರ ಹಮಾಲರು ತಿರುಗಿ ಸುದ್ದಾ ನೋಡಂಗಿಲ್ಲ. ಯಾರೋ ಕೆಮ್ಮಿದಂಗ ಕೇಳತೈತಿ" ಎಂಬುದು ಹಂಪೇಶರ ದುಃಖ.

ಆ ದುಃಖಕ್ಕೆ ಮದ್ದು ಹುಡುಕುತ್ತ ದೊಡ್ಡಬಸವರಾಜ ಬೆಳಕು ಹರಿಯುವ ಮೊದಲೇ ಕಾರಿನ ಬಾನೆಟ್ಟಿನೊಳಗೆ ಸೊಂಟದವರೆಗೆ ಮುಳುಗಿದ್ದಾರೆ. ಬಳ್ಳಾರಿಯ ಸಿರುಗುಪ್ಪ ರಸ್ತೆಯ ಪಕ್ಕದ ತಗಡಿನ ಶೆಡ್ಡು ಅವರದು. ಹೊರಗೆ ಕಾಣುವುದು ಮಾಸಿದ ಖಾಕಿ ಪ್ಯಾಂಟು ಮತ್ತು ಹಿಮ್ಮಡಿ ಸವೆದ ಚಪ್ಪಲಿ ಮಾತ್ರ. ಇಷ್ಟು ಬೇಗ ಯಾಕೆಂದರೆ, "ಬಿಸಲು ಏರಿದ ಮ್ಯಾಲ ಗಾಡಿ ಮುಟ್ಟಾಕ ಆಗಂಗಿಲ್ಲರೀ. ಬಾನೆಟ್ ಮ್ಯಾಲ ರೊಟ್ಟಿ ಬಡದ್ರ ಬೇಯತಾವು."

ಕೆಲಸ ಶುರುಮಾಡುವ ಮೊದಲು ಅವರು ಕೈ ತೊಳೆದು, ಗೋಡೆಯ ಗೂಡಿನಿಂದ ವಿಭೂತಿ ಗಟ್ಟಿ ತೆಗೆದು, ಎರಡು ಹನಿ ನೀರಿನಲ್ಲಿ ತೇಯುತ್ತಾರೆ. ಮೊದಲು ತಮ್ಮ ಹಣೆಗೆ ಎಳೆದುಕೊಳ್ಳುತ್ತಾರೆ. ಆಮೇಲೆ ಬಾನೆಟ್ಟಿನ ಮೂಲೆಯ ಮುಚ್ಚಳ ಸರಿಸಿ, ಕಾರಿನ ಕಂಪ್ಯೂಟರ್ ಇರುವ ಕಪ್ಪು ಪೆಟ್ಟಿಗೆಯ ಮೇಲೆ ಮೂರು ಬೆರಳು ಎಳೆಯುತ್ತಾರೆ.

"ಏನ್ ಬಸಣ್ಣ, ಗಾಡಿಗೆ ದೀಕ್ಷಾ ಕೊಡಾಕತ್ತೀಯೇನು?" ಎನ್ನುತ್ತಾರೆ ಹಂಪೇಶ್.

"ಇದು ಗಾಡಿ ತಲಿ, ತಮ್ಮಾ. ತಲಿ ಇದ್ದಲ್ಲಿ ಹಣಿ ಇರತೈತಿ. ಮೈ ಮುಟ್ಟೂಕಿಂತ ಮೊದ್ಲ ಹಣಿಗೆ ಹಚ್ಚಬೇಕು."

"ಹಚ್ಚು ಮಾರಾಯ. ವಾರಂಟಿ ಒಂದು ಉಳಿಸು."

ವಾರಂಟಿ ಉಳಿಸುವುದೇ ದೊಡ್ಡಬಸವರಾಜರ ಕಸುಬು. ಶೋರೂಮಿನದು ಮಡಿ ಅಡುಗೆಮನೆಯ ಶಿಸ್ತು. ಹೊರಗಿನವರ ಕೈ ತಾಗಿತೆಂದು ಗೊತ್ತಾದರೆ ಮುಗಿಯಿತು, ಪಾತ್ರೆ ಸಮೇತ ಹೊರಗೆ. ಆದರೆ ಹೊಸ ಕಾರು ಕೊಂಡ ಯಾವ ಗಂಡಸಿಗೂ ಅದು ಕಂಪನಿ ಕೊಟ್ಟ ಹಾಗೇ ಇರುವುದು ಸಹಿಸದು. ಒಬ್ಬನಿಗೆ ದೀಪ ಬೇಕು, ಒಬ್ಬನಿಗೆ ಡೋಲು ಬಡಿಯುವ ಸ್ಪೀಕರು, ಹಂಪೇಶರಿಗೆ ಗುಡುಗು. ದೊಡ್ಡಬಸವರಾಜ ಒಂದು ವೈರನ್ನೂ ಕಡಿಯದೆ ಇದನ್ನೆಲ್ಲ ಮಾಡುತ್ತಾರೆ. ಕಂಪನಿಯ ಎರಡು ಸಾಕೆಟ್ಟುಗಳ ನಡುವೆ ತಮ್ಮದೊಂದು ಸಾಕೆಟ್ಟು ಸೇರಿಸುತ್ತಾರೆ. ಸರ್ವಿಸಿಗೆ ಬಿಡುವ ಹಿಂದಿನ ದಿನ ಬಂದರೆ ಬಿಚ್ಚಿ ಕೊಡುತ್ತಾರೆ, ಮರುದಿನ ಮತ್ತೆ ಹಾಕುತ್ತಾರೆ. ಹಂಪೇಶರ ಕಾರಿಗೆ ಮಾಡಿದ್ದೂ ಇಷ್ಟೇ. ಸೈಲೆನ್ಸರಿನೊಳಗೆ ಸದ್ದನ್ನು ತಡೆಯುವ ಒಂದು ಕವಾಟ ಇರುತ್ತದೆ. ಅದು ಸದಾ ತೆರೆದೇ ಇರುವಂತೆ ಒಂದು ಸಾಕೆಟ್ಟು.

"ವೈರ್ ಕಡಿಯೋದಂದ್ರ ನರ ಕಡದಂಗ. ಆಮ್ಯಾಲ ಎಷ್ಟ ಟೇಪ್ ಸುತ್ತಿದ್ರೂ ಅದು ಗಾಯನ," ಎನ್ನುತ್ತಾರೆ.

ಅವರ ಊರು ಕುರುಗೋಡು. ಗುಡಿಯ ದೊಡ್ಡಬಸವಣ್ಣನ ಹೆಸರನ್ನೇ ಇಟ್ಟುಕೊಂಡು ಬಳ್ಳಾರಿಗೆ ಬಂದವರು. ಅದಿರಿನ ಲಾರಿಗಳು ರಸ್ತೆ ತುಂಬ ಓಡುತ್ತಿದ್ದ ಕಾಲದಲ್ಲಿ ಮಾರೆಣ್ಣ ಎಂಬ ಲಾರಿ ಎಲೆಕ್ಟ್ರಿಷಿಯನ್ ಕೈಕೆಳಗೆ ಹಾರ್ನು, ದೀಪ ಕಟ್ಟಿದರು. ಲಾರಿಗಳು ನಿಂತವು, ಮಾರೆಣ್ಣ ತೀರಿಕೊಂಡರು, ಕಾರುಗಳಿಗೆ ಕಂಪ್ಯೂಟರ್ ಬಂತು. ವರ್ಷಾನುಗಟ್ಟಲೆ ಬಗ್ಗಿ ಬಗ್ಗಿ ಅವರ ಕುತ್ತಿಗೆ ಈಗ ಎಡಕ್ಕೆ ತಿರುಗುವುದಿಲ್ಲ. ಎಡಗಡೆಯಿಂದ ಯಾರು ಕರೆದರೂ ಇಡೀ ಮೈ ತಿರುಗಿಸಿ ನೋಡುತ್ತಾರೆ. "ಮಂದಿ ತಿಳಕೊಂತಾರ, ಭಾಳ ಮರ್ಯಾದಿ ಕೊಡೋ ಮನುಷ್ಯ ಅಂತ," ಎಂದು ಅವರ ಹೆಂಡತಿ ಸುವರ್ಣಮ್ಮ ನಗುತ್ತಾರೆ.

ಶೆಡ್ಡಿಗೆ ಬೋರ್ಡಿಲ್ಲ. ಹಾಕುವಂತೆಯೂ ಇಲ್ಲ. ಒಳ್ಳೆಯ ಕೆಲಸ ಎಂದರೆ ಮಾಡಿದ್ದೇ ಗೊತ್ತಾಗದ ಕೆಲಸ ಎಂಬ ವ್ಯಾಪಾರದಲ್ಲಿ ಎಲೆಮರೆ ಬಿಟ್ಟು ಈಚೆ ಬಂದ ಕಾಯಿಗೆ ಉಳಿಗಾಲವಿಲ್ಲ. ಗಿರಾಕಿಗಳನ್ನು ಕಳಿಸುತ್ತಿದ್ದವರು ಮಧುಸೂದನ. ಶೋರೂಮಿನಲ್ಲಿ ಸರ್ವಿಸ್ ವಿಭಾಗ ನೋಡಿಕೊಳ್ಳುವವರು, ಇಸ್ತ್ರಿ ಮುರಿಯದ ಅಂಗಿಯವರು. ಹೊರಗಿನ ಕೆಲಸಕ್ಕೆ ಕಂಪನಿ ಒಪ್ಪುವುದಿಲ್ಲವೆಂದು ಮೊದಲು ಗಟ್ಟಿಯಾಗಿ ಹೇಳಿ, ಆಮೇಲೆ ಮೆಲ್ಲಗೆ, "ಸಿರುಗುಪ್ಪ ರೋಡಿಗೆ ಒಬ್ರು ಇದ್ದಾರ, ನಾನು ಹೇಳ್ದೆ ಅನ್ಬ್ಯಾಡ್ರಿ" ಎನ್ನುತ್ತಿದ್ದರು. ದೊಡ್ಡಬಸವರಾಜರ ಒಲೆ ಉರಿಯುತ್ತಿದ್ದುದು ಈ ಮೆಲುದನಿಯ ಮೇಲೆ.

ಕಾರು ಯುಗಾದಿಯವರೆಗೆ ಗುಡುಗಿತು. ಯುಗಾದಿ ಕಳೆದ ವಾರದಲ್ಲಿ ಕೆಂಚನಗುಡ್ಡದ ಹತ್ತಿರ, ಹೊಳೆಯಿಂದ ಮೇಲೇರುವಲ್ಲಿ, ಗೇರು ಎರಡರಲ್ಲೇ ಸಿಕ್ಕಿಕೊಂಡಿತು. ಗೇರ್‌ಬಾಕ್ಸಿಗೂ ಸೈಲೆನ್ಸರಿಗೂ ಅತ್ತೆಮನೆ ಸಂಬಂಧವೂ ಇಲ್ಲ. ಕಂಪನಿಯದೇ ದೋಷ, ವಾರಂಟಿಯಲ್ಲೇ ಹೊಸದು ಬರಬೇಕು. ಟ್ರಾಕ್ಟರಿಗೆ ಕಟ್ಟಿ ಎಳೆತಂದ ಕಾರಿನಿಂದ ದೊಡ್ಡಬಸವರಾಜ ತಮ್ಮ ಸಾಕೆಟ್ಟು ಬಿಚ್ಚಿಕೊಂಡು, ಇದ್ದದ್ದು ಇದ್ದ ಹಾಗೆ ಮಾಡಿ ಶೋರೂಮಿಗೆ ಕಳಿಸಿದರು. ಪರೀಕ್ಷೆ ಮಾಡಲು ಕಂಪನಿಯಿಂದ ವಿಜಯಕುಮಾರ ಎಂಬ ಅಧಿಕಾರಿ ಬೆಂಗಳೂರಿನಿಂದ ಬಂದರು. ಎಲ್ಲ ಸರಿಯಿತ್ತು. ಮುಚ್ಚಳ ಸರಿಸಿದಾಗ ಕಪ್ಪು ಪೆಟ್ಟಿಗೆಯ ಮೇಲೆ ಮೂರು ಬಿಳಿ ಗೆರೆ ಕಂಡವು. ಅವರು ಮೊಬೈಲಿನಲ್ಲಿ ಫೋಟೊ ತೆಗೆದುಕೊಂಡು, ನಾಳೆ ಮಾತಾಡೋಣ ಎಂದು ಹೋದರು.

ಸಂಜೆ ಶೆಡ್ಡಿನಲ್ಲಿ ಸಭೆ ಸೇರುತ್ತದೆ.

"ಎಲ್ಲಾ ಬಿಚ್ಚಿ, ಅದನ್ಯಾಕ ಬಿಟ್ಟಿ ಬಸಣ್ಣ?" ಹಂಪೇಶ್ ತಲೆ ಹಿಡಿದುಕೊಂಡಿದ್ದಾರೆ.

"ಜೋಡಣಿ ಬಿಚ್ಚಬಹುದು ತಮ್ಮಾ. ವಿಭೂತಿ ಹೆಂಗ ಬಿಚ್ಚಲಿ? ಹಚ್ಚಿದ್ದನ್ನ ಅಳಸೂದು ನಂಗ ಗೊತ್ತಿಲ್ಲ."

"ಕುಡತಿನಿ ಕಡಿ ಹೋಗಿದ್ದೆ, ಪವರ್ ಪ್ಲಾಂಟಿನ ಬೂದಿ ಕುಂತೈತಿ ಅಂದ್ರ?" ಎಂದು ಹಂಪೇಶ್ ದಾರಿ ಹುಡುಕುತ್ತಾರೆ.

ಮಧುಸೂದನ ಕನ್ನಡಕ ಒರೆಸುತ್ತಾರೆ. "ಮೂರು ಗೆರಿ ಎಳಕೊಂಡು ಕೂಡ್ತದೇನ್ರಿ ಬೂದಿ? ಹಂಗಂದ್ರ ನಗ್ತಾರ. ಇಲ್ಲಿ ಕೇಳ್ರಿ. ಹೊಸ ಗಾಡಿ ಕುರುಗೋಡಿಗೆ ಒಯ್ದು ಪೂಜೆ ಮಾಡ್ಸೀರೋ ಇಲ್ಲೋ?"

"ಮಾಡ್ಸೀನಿ. ಆದ್ರ ಪೂಜಾರಿ ಬಾನೆಟ್ ಮ್ಯಾಲ ಹಚ್ಯಾನ, ಒಳಗ ಎಲ್ಲಿ ಹಚ್ಯಾನ?"

"ಒಳಗೂ ಹಚ್ಚಿದ ಅನ್ರಿ. ಬಸಣ್ಣ ಅದೇ ಊರಿನವ್ರು, ನಾನು ಅಲ್ಲೇ ಇದ್ದೆ ಅಂತಾರ. ಮುಗೀತು."

ದೊಡ್ಡಬಸವರಾಜ ಇಡೀ ಮೈ ಅವರ ಕಡೆ ತಿರುಗಿಸುತ್ತಾರೆ. "ನಾನ ಹಚ್ಚೀನಿ, ವೈರ್ ಮುಟ್ಟಿಲ್ಲ ಅಂತ ಇದ್ದದ್ದು ಹೇಳಿದ್ರ ಆಗಂಗಿಲ್ಲೇನ್ರಿ?"

"ಹೇಳ್ರಿ. ಯಾರು ಕಳಿಸಿದ್ರು ಅಂತ ಕೇಳ್ತಾರ, ಅದನ್ನೂ ಹೇಳ್ರಿ. ಆಮೇಲೆ ನಾನೂ ಇಲ್ಲಿ ಸಾಕೆಟ್ ಕಲಿಯಾಕ ಬರ್ತೀನಿ. ಇದು ತಪ್ಪಿದ್ರ ಇನ್ನು ನಿಮ್ಮ ಕಡೆ ಯಾರನ್ನೂ ಕಳ್ಸಾಕ ಆಗಂಗಿಲ್ಲ, ನೋಡ್ರಿ ಮತ್ತ."

ಸುವರ್ಣಮ್ಮ ಚಹಾ ಕೊಟ್ಟು ನಿಂತಿದ್ದರು. "ಪೂಜಾರಿ ಮ್ಯಾಲ ಹಾಕ್ತೀರೇನು? ಹಾಕ್ರಿ. ಬಸವಣ್ಣ ದೊಡ್ಡಾವ ಅದಾನ, ತಡಕೊಂತಾನ. ಸಣ್ಣಾವ್ರದ ಕಷ್ಟ," ಎಂದು ಒಳಗೆ ಹೋದರು.

ಮರುದಿನ ಬೆಳಿಗ್ಗೆ ದೊಡ್ಡಬಸವರಾಜ ಸ್ನಾನ ಮಾಡಿ, ಹಣೆಗೆ ವಿಭೂತಿ ಎಳೆದುಕೊಂಡು, ಇದ್ದುದರಲ್ಲಿ ಒಳ್ಳೆಯ ಅಂಗಿ ತೊಟ್ಟು ಹಂಪೇಶರ ಜೊತೆ ಶೋರೂಮಿಗೆ ಹೋದರು. ಎಷ್ಟೋ ವರ್ಷ ಆ ಗಾಜಿನ ಬಾಗಿಲಿನ ಹೊರಗಿನಿಂದ ಬದುಕಿದವರು ಅಂದು ಮೊದಲ ಸಲ ಒಳಗೆ ಕಾಲಿಟ್ಟರು. ಮಧುಸೂದನ ಅವರನ್ನು ಗುರುತಿಲ್ಲದವರಂತೆ ನೋಡಿ, ಕೂಡ್ರಿ ಎಂದರು. ವಿಜಯಕುಮಾರ ಮೆತ್ತಗಿನ ಮಾತಿನ ಮನುಷ್ಯ.

"ಪೂಜೆ ಆಗುವಾಗ ನೀವು ಅಲ್ಲಿದ್ರಾ?"

"ಇದ್ದೆ ಸಾರ್."

"ಇದನ್ನ ಹಚ್ಚಿದ್ದು ಪೂಜಾರಿನಾ?"

"ಹೌದು ಸಾರ್. ನಂದಲ್ಲ."

ನಿಮ್ಮದಾ ಎಂದು ಯಾರೂ ಕೇಳಿರಲಿಲ್ಲ. ವಿಜಯಕುಮಾರ ಮೊಬೈಲಿನ ಫೋಟೊ ನೋಡಿದರು, ದೊಡ್ಡಬಸವರಾಜರ ಹಣೆ ನೋಡಿದರು, ಮತ್ತೆ ಫೋಟೊ ನೋಡಿದರು. ಲಾರಿಗಳ ಕಾಲದಲ್ಲೇ ದೊಡ್ಡಬಸವರಾಜರ ಉಂಗುರಬೆರಳಿನ ತುದಿಯನ್ನು ಒಂದು ಫ್ಯಾನ್ ಬೆಲ್ಟು ತಿಂದುಹಾಕಿದೆ. ಹಾಗಾಗಿ ಅವರು ಎಳೆದ ಮೂರು ಗೆರೆಗಳಲ್ಲಿ ಕೆಳಗಿನದು ಯಾವಾಗಲೂ ಮೊಂಡು. ಫೋಟೊದಲ್ಲೂ ಮೊಂಡು, ಹಣೆಯಲ್ಲೂ ಮೊಂಡು. ಕನ್ನಡಿ ನೋಡಿಕೊಂಡು ವಿಭೂತಿ ಹಚ್ಚುವ ಅಭ್ಯಾಸ ಅವರಿಗಿಲ್ಲ. ತಮ್ಮ ಸಹಿ ಹೀಗಿದೆಯೆಂದು ಅವರಿಗೆ ಗೊತ್ತಾದದ್ದೇ ಅಂದು.

"ಕೈ ಇಟ್ಟಿದ್ದೀನಿ ಅಂದಿದ್ರೆ ಏನು ಮಾಡಿದ್ರಿ ಅಂತ ಕೇಳ್ತಿದ್ದೆ," ಎಂದರು ವಿಜಯಕುಮಾರ. "ಗೇರಿಗೂ ಅದಕ್ಕೂ ಸಂಬಂಧ ಇಲ್ಲದಿದ್ರೆ ವಾರಂಟಿ ಕೊಡಬಹುದು, ಅದಕ್ಕೆ ನಿಯಮ ಇದೆ. ನೀವು ಇಲ್ಲ ಅಂದ್ರಿ. ಈಗ ಯಾವುದನ್ನ ನಂಬಲಿ?"

ಆ ನಿಯಮ ಮಧುಸೂದನರಿಗೆ ಗೊತ್ತಿತ್ತೋ ಇಲ್ಲವೋ ಗೊತ್ತಾಗಲಿಲ್ಲ. ಅವರು ಆಗ ಫೋನಿನಲ್ಲಿದ್ದರು.

ಹೊರಗೆ ಬಂದ ಮೇಲೆ ಹಂಪೇಶ್ ಆಡಿದ ಮಾತುಗಳಲ್ಲಿ ಅಚ್ಚು ಹಾಕಬಹುದಾದದ್ದು ಒಂದೇ: "ಹಣಿ ಒರಸ್ಕೊಂಡರ ಬರಬಾರದಿತ್ತೇನಲೇ?" ಅಲ್ಲಿಯವರೆಗೆ ಅಣ್ಣನಾಗಿದ್ದ ಬಸಣ್ಣ ಆ ಒಂದು ಅಕ್ಷರದಲ್ಲಿ ಲೇ ಆದರು.

ಈಗಲೂ ದೊಡ್ಡಬಸವರಾಜ ಬೆಳಕು ಹರಿಯುವ ಮೊದಲೇ ಎದ್ದು ಕೆಲಸಕ್ಕೆ ಬಗ್ಗುತ್ತಾರೆ. ಬರುವುದು ಭತ್ತ ಕೊಯ್ಯುವ ಯಂತ್ರಗಳು, ಟ್ರಾಕ್ಟರುಗಳು. ಅವುಗಳ ವಾರಂಟಿ ಎಂದೋ ಮುಗಿದಿರುತ್ತದೆ. ಎಲ್ಲ ವೈರೂ ಮೊದಲೇ ಕಡಿದು ಟೇಪು ಸುತ್ತಿರುತ್ತದೆ. ಹೊಸ ಕಾರು ಶೆಡ್ಡಿನ ಕಡೆ ಹೊರಳಿ ತಿಂಗಳುಗಳಾದವು.

"ಸುಳ್ಳೂ ಹೇಳಿದೆ, ಕೆಲಸಾನೂ ಆಗಲಿಲ್ಲ," ಎನ್ನುತ್ತಾರೆ ಸ್ಪ್ಯಾನರ್ ಒರೆಸುತ್ತ. "ಒಂದಾದ್ರೂ ಉಳದಿದ್ರ ಸಮಾಧಾನ ಇರತಿತ್ತು. ವೈರ್ ಕಡದಿದ್ರ ತಪ್ಪು ಅನ್ನಬಹುದಿತ್ತು. ಕಡದಿಲ್ಲರೀ. ಆ ವಿಜಯಕುಮಾರ್ ಸಾರ್ ಒಮ್ಮೆ ಸಿಕ್ರ ಹೇಳಬೇಕು: ಹಚ್ಚಿದ್ದು ನಾನ, ಕಡದಿದ್ದು ಇಲ್ಲ. ಅಷ್ಟ. ಅವ್ರು ಏನೂ ಕೊಡೂದು ಬ್ಯಾಡ. ಕೇಳಿಸ್ಕೊಂಡ್ರ ಸಾಕು."

ಹಂಪೇಶರ ಗೇರ್‌ಬಾಕ್ಸು ವಾರಂಟಿಯಲ್ಲಿ ಬರಲಿಲ್ಲ. ವಿಜಯಕುಮಾರರಿಗೆ ಬೇರೆ ಭಾಗಕ್ಕೆ ವರ್ಗವಾಗಿದೆ.